ಬಿಳಿ ಚೀಟಿಯ ಪ್ಲೇಟು

ಮಲಪ್ರಭೆಯ ದಂಡೆಯ ಮೇಲೆ ಮಹಾಂತಯ್ಯ ಎಂಬ ಗಾಯಕರಿದ್ದರು. ಅವರ ಆಶ್ರಮವೆಂದರೆ ಎರಡು ಕೋಣೆ, ಮುಂದೊಂದು ಕಟ್ಟೆ, ಅಷ್ಟೇ.

ಅವರ ಬಳಿ ಹಾಡು ಕಲಿಯಲು ಬಂದು ಅಲ್ಲೇ ಉಳಿದವನು ಕಲ್ಮೇಶ. ಗುರುಗಳಿಗೆ ನೀರು ತರುತ್ತಿದ್ದ, ಅಡುಗೆ ಮಾಡುತ್ತಿದ್ದ, ದಿನಾ ಮುಂಜಾನೆ ಅವರ ಎದುರು ಕೂತು ಹಾಡು ಕೇಳುತ್ತಿದ್ದ.

ಅವನಿಗೊಂದು ಹುಚ್ಚಿತ್ತು. ಗ್ರಾಮಫೋನ್ ಪ್ಲೇಟಿನ ಹುಚ್ಚು. ಅದರಲ್ಲೂ ಸ್ಯಾಂಪಲ್ ಪ್ಲೇಟಿನದು.

ಹಾಡು ಅಂಗಡಿಗೆ ಬರುವ ಮೊದಲು, ದನಿ ಸರಿಯಾಗಿ ಇಳಿದಿದೆಯೋ ಇಲ್ಲವೋ ನೋಡಲು ಕಂಪನಿಯವರು ನಾಲ್ಕಾರು ಪ್ಲೇಟು ಒತ್ತಿಸುತ್ತಿದ್ದರು. ಅವುಗಳ ಮೇಲೆ ಹೆಸರಿಲ್ಲ, ಚಿತ್ರವಿಲ್ಲ. ನಡುವೆ ಬರೀ ಬಿಳಿ ಚೀಟಿ.

ಅಂಥದೊಂದು ಸಿಕ್ಕರೆ ಕಲ್ಮೇಶ ಅದನ್ನು ಹಾಡಿಸುತ್ತಿರಲಿಲ್ಲ. ಗ್ರಾಮಫೋನ್ ಪೆಟ್ಟಿಗೆಯ ಮುಳ್ಳು ತಾಗಿದರೆ ಗೆರೆ ಸವೆಯುತ್ತದಲ್ಲ! ಅದು ಯಾರ ಮನೆಯಿಂದ ಯಾರ ಮನೆಗೆ ಹೋಗಿ, ಕೊನೆಗೆ ತನ್ನ ಕೈಗೆ ಹೇಗೆ ಬಂತೆಂದು ಪತ್ತೆ ಹಚ್ಚುತ್ತಿದ್ದ. ಹಚ್ಚುತ್ತ ಹೋದಂತೆ ಆ ಮನೆಯವರ ಮೇಲೆಲ್ಲ ಹೊಟ್ಟೆಕಿಚ್ಚು. ತನಗಿಂತ ಮೊದಲು ಅವರಿಗೆ ಸಿಕ್ಕಿತ್ತಲ್ಲ ಎಂದು.

"ಅದರಾಗ ಏನ್ ಹಾಡ್ಯಾರ?" ಒಮ್ಮೆ ಗುರುಗಳು ಕೇಳಿದರು.

"ಇದು ಗದಗಿನ ವಕೀಲರೊಬ್ಬರ ಮನ್ಯಾಗಿತ್ತು, ಗುರುಗಳ. ಅದಕ್ಕೂ ಮೊದಲು..."

"ವಕೀಲರು ಹಾಡ್ಯಾರೇನು?"

ಕಲ್ಮೇಶ ಪ್ಲೇಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟ.

ಒಂದು ದಿನ ಹುಬ್ಬಳ್ಳಿಯ ಗುಜರಿ ಅಂಗಡಿಯವನು ಅವನನ್ನು ಕೇಳಿದ. "ನಿಮ್ಮ ಗುರುಗಳದೂ ಒಂದು ಸ್ಯಾಂಪಲ್ ಪ್ಲೇಟ್ ಆಗಿತ್ತಂತಲ್ಲ? ಪ್ಲೇಟು ಹೊರಗ ಬರೋದರಾಗ ಕಂಪನಿನ ಮುಚ್ಚಿಹೋತಂತ."

ಬಸ್ಸಿನಲ್ಲಿ ಕೂತಿದ್ದೂ ಇಳಿದಿದ್ದೂ ಕಲ್ಮೇಶನಿಗೆ ತಿಳಿಯಲಿಲ್ಲ. ಬೆಳಕು ಹರಿಯುವಾಗ ನೇರ ಗುರುಗಳ ಮುಂದೆ ಬಂದು ನಿಂತ.

"ನಿಮ್ಮ ಪ್ಲೇಟ್ ಇತ್ತೇನ್ರಿ?"

"ಇತ್ತು."

"ಎಲ್ಲೈತಿ?"

"ಕೊಟ್ಟೆ."

"ಯಾರಿಗೆ?"

"ಬೇಕಾದವರಿಗೆ." ಗುರುಗಳು ಚಾಪೆ ಹಾಸಿದರು. "ಕೂಡು. ಹಾಡೋ ಹೊತ್ತಾತು."

ಕಲ್ಮೇಶ ಕೂತ. ಗುರುಗಳು ಹಾಡಿದರು. ಅವನ ಕಿವಿಗೆ ಒಂದು ಸ್ವರವೂ ಬೀಳಲಿಲ್ಲ. ಬೇಕಾದವರು ಯಾರು? ತನಗಿಂತ ಬೇಕಾದವರು ಯಾರು?

ಮರುದಿನ ಚೀಲ ಹೆಗಲಿಗೇರಿಸಿದ.

"ಮತ್ತ ಯಾವಾಗ ಬರ್ತಿ?" ಗುರುಗಳು ಕೇಳಿದರು.

"ಪ್ಲೇಟ್ ಸಿಕ್ಕ ಕೂಡ್ಲೇ."

ಗುರುಗಳು ಬೇಡವೆನ್ನಲಿಲ್ಲ.

ಕಲ್ಮೇಶ ಊರೂರು ತಿರುಗಿದ. ಕಂಪನಿಯಲ್ಲಿ ಕೆಲಸ ಮಾಡಿದವರನ್ನು ಹುಡುಕಿದ. ಉಳಿದ ಪ್ರತಿಗಳನ್ನೆಲ್ಲ ಕರಗಿಸಿಬಿಟ್ಟರೆಂದು ಒಬ್ಬರು ಹೇಳಿದರು. ಒಂದೇ ಒಂದನ್ನು ಹಾಡಿದವರ ಕೈಗೆ ಕೊಟ್ಟಿದ್ದರೆಂದು ಇನ್ನೊಬ್ಬರು. ಮಳೆಗಾಲ ಹೋಗಿ ಚಳಿ ಬಂತು.

ಕೊನೆಗೆ ಬಾಗಲಕೋಟೆಯಲ್ಲಿ, ಆ ಹಾಡಿಗೆ ತಬಲಾ ಬಾರಿಸಿದ್ದ ಖಾಜೇಸಾಬರು ಸಿಕ್ಕರು. ಮುದುಕರಾಗಿದ್ದರು, ಆದರೆ ನೆನಪು ಗಟ್ಟಿಯಿತ್ತು.

"ಆ ಪ್ಲೇಟಾ? ನೀಲಗಂಗಾಗ ಕೊಟ್ರಲ್ಲ! ನಾನ ಇದ್ದೆ ಅಲ್ಲಿ."

"ಯಾರ್ರಿ ನೀಲಗಂಗಾ?"

"ನಿಮ್ಮ ಗುರುಗಳ ಮೊದಲನೇ ಶಿಷ್ಯಳು. ಎಂಥಾ ಕಂಠ ಅಂತೀರಿ! ಮದುವ್ಯಾಗಿ ಹೊಳಿ ಆಚಿ ಹೋದ್ಲು. ಹಾಡು ಬಿಟ್ಲು."

ಕಲ್ಮೇಶನ ಎದೆಯಲ್ಲಿ ಕೆಂಡ ಬಿದ್ದ ಹಾಗಾಯಿತು.

ಹಾಡು ಬಿಟ್ಟು ಹೋದವಳಿಗೆ ಕೊಟ್ಟರು. ಗುರುಗಳ ಕಾಲು ಒತ್ತಿದವನು ನಾನು. ಅವರಿಗೆ ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದವನು ನಾನು. ಆ ಪ್ಲೇಟಿನ ಸುದ್ದಿಯನ್ನು ಮಾತ್ರ ನಾನು ಗುಜರಿಯವನ ಬಾಯಿಂದ ಕೇಳಬೇಕಾಯಿತು.

ಅವಳ ಊರು ಕೇಳಿಕೊಂಡು ಹೊರಟವನು ದಾರಿಯುದ್ದಕ್ಕೂ ಅವಳಿಗೆ ಆಡಬೇಕಾದ ಮಾತುಗಳನ್ನು ಮಸೆಯುತ್ತ ಹೋದ.

ನೀಲಗಂಗವ್ವ ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ತಲೆ ಪೂರ್ತಿ ನರೆತಿತ್ತು. ಅವನು ಎಲ್ಲಿಂದ ಬಂದನೆಂದು ತಿಳಿದದ್ದೇ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದು ನಿಂತಳು.

"ಗುರುಗಳ ಹತ್ರ ಇರ್ತಿಯೇನೋ ತಮ್ಮಾ? ದಿನಾ?"

"ದಿನಾ."

"ಇನ್ನೂ ಮುಂಜಾನೆ ಹಾಡ್ತಾರೇನು?"

"ಹಾಡ್ತಾರ."

"ಈಗ ದನಿ ಹೆಂಗೈತಿ?"

ಕಲ್ಮೇಶ ಹೇಳಲು ಬಾಯಿ ತೆರೆದ. ಬಿಳಿ ಚೀಟಿ ಕಣ್ಣಿಗೆ ಕಟ್ಟಿತ್ತು. ದನಿ ಮಾತ್ರ ನೆನಪಿಗೆ ಬರಲಿಲ್ಲ.

"ಚಲೋ ಐತ್ರಿ," ಎಂದ. ಆಮೇಲೆ ತಡೆಯಲಾಗದೆ, "ಅಕ್ಕಾರ, ಅವರ ಪ್ಲೇಟ್ ನಿಮ್ಮ ಹತ್ರ ಐತೇನ್ರಿ?" ಎಂದು ಕೇಳಿಬಿಟ್ಟ.

ಅವಳು ಒಳಗೆ ಹೋಗಿ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಪ್ಲೇಟನ್ನು ತಂದು ಅವನ ಕೈಗೆ ಕೊಟ್ಟಳು.

"ತಗೋ. ಪೆಟ್ಟಿಗಿ ಕೆಟ್ಟು ಭಾಳ ದಿನ ಆತು. ಅಷ್ಟರಾಗ ಸಾಕಷ್ಟು ಕೇಳೀನಿ."

ಜಗಳಕ್ಕೆ ಬಂದವನ ಕೈಯಲ್ಲಿ ಪ್ಲೇಟಿತ್ತು. ಮಸೆದ ಮಾತು ಒಂದೂ ಉಪಯೋಗಕ್ಕೆ ಬರಲಿಲ್ಲ.

"ಇಷ್ಟು ಸಲೀಸಾಗಿ ಕೊಡ್ತೀರಲ್ಲ! ನಿಮಗ ಏನೂ ಅನ್ನಿಸೂದಿಲ್ಲೇನ್ರಿ?"

"ಅನ್ನಿಸ್ತೈತಿ," ಎಂದಳು ನೀಲಗಂಗವ್ವ. "ನಿನ್ನ ನೋಡಿ ಹೊಟ್ಟಿಕಿಚ್ಚು ಆಗ್ತೈತಿ."

ಅಣಕಿಸುತ್ತಿದ್ದಾಳೆ ಎಂದುಕೊಂಡ ಕಲ್ಮೇಶ. ಅವಳು ನೀಡಿದ ಊಟಕ್ಕೂ ನಿಲ್ಲದೆ ಹೊರಟುಬಿಟ್ಟ.

ದಾರಿಯಲ್ಲಿ ಅವನಿಗೆ ಆಶ್ಚರ್ಯವಾಯಿತು. ಪ್ಲೇಟು ಎದೆಗೆ ಒತ್ತಿಕೊಂಡಿದ್ದರೂ ಕಿಚ್ಚು ಆರಿರಲಿಲ್ಲ. ಮೊದಲು ಅವಳ ಹತ್ತಿರ ಪ್ಲೇಟಿದೆಯೆಂದು ಉರಿಯುತ್ತಿದ್ದ. ಈಗ ಅದನ್ನು ಕೊಟ್ಟುಬಿಡುವ ಶಕ್ತಿ ಅವಳಿಗಿದೆಯೆಂದು ಉರಿಯುತ್ತಿದ್ದ.

ಆಶ್ರಮ ಮುಟ್ಟಿದಾಗ ಗುರುಗಳು ಕಟ್ಟೆಯ ಮೇಲೆ ಕೂತಿದ್ದರು. ಕೊರಳಿಗೆ ಬಟ್ಟೆ ಸುತ್ತಿತ್ತು.

"ಸಿಕ್ತ್ರಿ, ಗುರುಗಳ!"

ಗುರುಗಳು ಏನೋ ಅಂದರು. ಕೇಳಿಸಲಿಲ್ಲ. ಕಲ್ಮೇಶ ಹತ್ತಿರ ಹೋಗಿ ಬಗ್ಗಿದ.

ಬರೀ ಉಸಿರು. ದನಿ ಇರಲಿಲ್ಲ.

ಕಲ್ಮೇಶ ಪ್ಲೇಟನ್ನು ಕಟ್ಟೆಯ ಮೇಲಿಟ್ಟ. "ಯಾವಾಗಿಂದ್ರಿ?"

"ಚಳಿ ಬಿದ್ದ ಮ್ಯಾಲೆ," ಗುರುಗಳು ಪಿಸುಗುಟ್ಟಿದರು. "ನೀ ಹೋದಿಂದ ಸ್ವಲ್ಪ ದಿನ ಹಾಡಿದೆ."

"ಡಾಕ್ಟ್ರು ಏನಂದ್ರು? ಮತ್ತ ಬರ್ತೈತಲ್ರಿ?"

ಗುರುಗಳು ತಲೆಯಾಡಿಸಿದರು. ಬರುವುದಿಲ್ಲ.

"ನಾ ಹೋದ ಮ್ಯಾಲೆ ಯಾರ ಮುಂದ ಹಾಡಿದ್ರಿ?"

"ಹೊಳಿ ಮುಂದ."

ಕಲ್ಮೇಶ ನೆಲದ ಮೇಲೆ ಕುಸಿದು ಕೂತ. ಕೊನೆಗೆ ಗುರುಗಳೇ ಪ್ಲೇಟಿನ ಕಡೆ ಕೈ ತೋರಿದರು.

"ಹಚ್ಚು."

"ಬ್ಯಾಡ್ರಿ. ಇದೊಂದ ಉಳಿದೈತಿ. ಸವದು ಹೋಗ್ತೈತಿ."

"ಹಚ್ಚು," ಎಂದರು ಮತ್ತೆ.

ಅವನು ಪೆಟ್ಟಿಗೆ ತಂದ. ಮುಳ್ಳು ಇಳಿಸಿದ. ಮೊದಲು ಕಡಲೆ ಹುರಿಯುವಾಗ ಸಿಡಿದಂತೆ ಸದ್ದು. ಆಮೇಲೆ ದನಿ ಎದ್ದಿತು.

ಹರೆಯದ ದನಿ. ಹುರಿಗಟ್ಟಿದ, ಅಂಜಿಕೆಯಿಲ್ಲದ ದನಿ. ಮೇಲಿನ ಷಡ್ಜಕ್ಕೆ ಒಂದೇ ಜಿಗಿತಕ್ಕೆ ಏರಿ ಅಲ್ಲೇ ಕುಣಿಯುತ್ತಿತ್ತು.

ಕಲ್ಮೇಶ ಕಿವಿಗೊಟ್ಟು ಕೇಳಿದ. ಈ ಗಾಯಕನನ್ನು ಅವನು ಎಂದೂ ಕಂಡಿರಲಿಲ್ಲ.

ಅವನು ಕಂಡ ಗುರುಗಳು ಆ ಷಡ್ಜದ ಹತ್ತಿರ ಬಂದು ಒಂದಿಷ್ಟು ನಡುಗುತ್ತಿದ್ದರು. ನಿಲ್ಲುತ್ತಿದ್ದರು. ಬಾಗಿಲು ತಟ್ಟಿ ಕಾದವರ ಹಾಗೆ ಕಾದು, ಮೆಲ್ಲಗೆ ಒಳಗೆ ಹೋಗುತ್ತಿದ್ದರು.

ಈಗ ಅದು ನೆನಪಾಯಿತು. ಒಂದು ಮುಂಜಾನೆಯದಲ್ಲ, ಎಷ್ಟೋ ಮುಂಜಾನೆಗಳದು.

"ಗುರುಗಳ," ಎಂದ. ಅವನ ಕಣ್ಣು ತುಂಬಿತ್ತು. "ಇದು ನೀಲಗಂಗಕ್ಕಾರು ಕೇಳಿದ ದನಿ."

"ಹೌದು."

"ನಾ ಕೇಳಿದ್ದು ಬ್ಯಾರೆ. ಅದು ಯಾವ ಪ್ಲೇಟಿನ್ಯಾಗೂ ಇಲ್ಲ."

ಗುರುಗಳು ಕೈಚಾಚಿ ಮುಳ್ಳನ್ನೆತ್ತಿ ಪಕ್ಕಕ್ಕಿಟ್ಟರು. ಪ್ಲೇಟು ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಅವರು ಅವನ ಕಿವಿಯ ಹತ್ತಿರ ಬಗ್ಗಿದರು.

"ಹಂಗಾರ ನೀ ಕೇಳಿದ್ದು ಯಾರ ಹತ್ರ ಐತಿ, ಪತ್ತೆ ಹಚ್ಚು."