ಎದೆಯೊಳಗಿನ ಡಂಗುರ

"ಕೇಳಿರಪ್ಪೋ ಕೇಳಿ! ಮುಗಿಲುಕೋಟೆಯ ದೊರೆ ಚಂಡರಾಯರ ಅಪ್ಪಣೆ. ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಉಳಿಯುವುದಿಲ್ಲ!"

ಚಂಡರಾಯ ಬಯಲುಸೀಮೆಯ ಕುದುರೆಗಳನ್ನು ಒಂದೇ ಹಗಲಿನಲ್ಲಿ ಬೆಟ್ಟದ ತುದಿಯ ಕೋಟೆಗೆ ಹತ್ತಿಸಿದ್ದ. ಕೆಲವೇ ದಿನಗಳಲ್ಲಿ ಅವು ಒಂದೊಂದಾಗಿ ಕುಸಿದು ಸತ್ತವು. ಪಟ್ಟದ ಕುದುರೆ ಮಾತ್ರ ಉಳಿದಿತ್ತು. ವಿಷ ಹಾಕಿದನೆಂದು ಲಾಯದ ಆಳು ತಿಪ್ಪನನ್ನು ಸರಪಳಿಯಲ್ಲಿ ಬಿಗಿದಿದ್ದರು. ಅವನ ತಂಗಿ ದುಂಡಿ ಕುರಿಗಳ ಬೆನ್ನಿಗೆ ಉಪ್ಪು ಹೇರಿ ಬೆಟ್ಟ ದಾಟಿಸುವವಳು. ಡಂಗುರ ಕೇಳಿ ಅಣ್ಣನನ್ನು ಬಿಡಿಸಿಕೊಳ್ಳಲು ಬಂದಳು.

"ಈ ಕುದುರೆ ಕಟ್ಟಿದಲ್ಲೇ ನಿಂತಿದೆ. ಇದರೊಳಗೆ ಓಡುತ್ತಿರುವುದು ಯಾವುದು?" ಪಟ್ಟದ ಕುದುರೆಯನ್ನು ತೋರಿಸಿ ದೊರೆ ಮೊದಲ ಒಗಟು ಕೇಳಿದ.

"ದೆವ್ವ," ಎಂದ ಒಬ್ಬ ಪಾಳೆಯಗಾರ. "ವಿಷ," ಎಂದ ಇನ್ನೊಬ್ಬ. ತಲೆ ತೆಗೆಯಲೆಂದು ಇಬ್ಬರನ್ನೂ ಸೆರೆಗೆ ಎಳೆದರು.

ದುಂಡಿ ಕುದುರೆಯ ಎದೆಗೆ ಕಿವಿಯಿಟ್ಟಳು.

"ಕುರಿಯವಳು ಕುದುರೆಯನ್ನೇ ಮದುವೆಯಾಗ್ತಾಳೆ ಕಣ್ರೋ!" ಯಾರೋ ನಕ್ಕರು.

"ಗುಂಡಿಗೆ," ಎಂದಳು ದುಂಡಿ. "ನೀವೇ ಬಂದು ಕೇಳಿ, ದೊರೆ."

ಚಂಡರಾಯ ಬಗ್ಗಿ ಕೇಳಿದ. ನಗು ನಿಂತಿತು.

"ಮೇವಿದೆ, ನೀರಿದೆ. ಇದರ ಹಸಿವು ಯಾತರದು?" ದೊರೆ ಎರಡನೆಯದನ್ನು ಕೇಳಿದ.

"ಉಸಿರಿನದು. ಮೇಲೇರಿದಷ್ಟೂ ಗಾಳಿ ತೆಳು. ನಾವು ಕುರಿಗಳನ್ನ ತಿರುವು ತಿರುವಿಗೂ ತಂಗಿಸ್ತೀವಿ. ಎದೆಗೆ ಕಿವಿಯಿಟ್ಟು, ಬಡಿತ ಇಳಿದ ಮೇಲೇ ಮುಂದಕ್ಕೆ ಹೊಡೀತೀವಿ. ನೀವು ಚಾಟಿ ಬೀಸಿದಿರಿ."

ದೊರೆಯ ಮುಖ ಬಿಗಿಯಿತು. "ಮೂರನೆಯದು. ಬೆಟ್ಟ ಹತ್ತುವಾಗ ಚಾಟಿ ಎತ್ತಿದರೆ ಸಾಕು, ಹಾರುತ್ತಿತ್ತು. ಈಗ ಹೊಡೆದರೂ ಅಲುಗದು. ಏಕೆ?"

"ಪ್ರಾಣಿ ಕಂಗೆಟ್ಟಾಗ ಒಡಲಲ್ಲಿ ಒಂದು ರಸ ಒಸರುತ್ತೆ. ಬೆದರುರಸ ಅಂತೀವಿ. ಅದು ಗುಂಡಿಗೆಗೆ ಸಾರೋ ಡಂಗುರ: ಓಡು, ಓಡು! ಮೊದಮೊದಲು ಗುಂಡಿಗೆ ಓಗೊಡುತ್ತೆ. ಬಿಡದೆ ಬಡಿದರೆ ಕಿವುಡಾಗುತ್ತೆ. ನಿಮ್ಮ ಡಂಗುರವೂ ಅಷ್ಟೇ, ದೊರೆ. ಕೆಳಗಿನ ಊರುಗಳಲ್ಲಿ ಈಗ ಯಾರೂ ತಲೆ ಎತ್ತಿ ನೋಡಲ್ಲ."

ದೊರೆಯ ಕತ್ತಿ ಒರೆಯಿಂದ ಹೊರಬಂತು.

"ಕುದುರೆಯನ್ನ ಮೆಲ್ಲಗೆ ಕೆಳಗಿಳಿಸಿ. ಅಲ್ಲೂ ಚೇತರಿಸದಿದ್ದರೆ ಈ ತಲೆ ನಿಮ್ಮದು," ಎಂದಳು ದುಂಡಿ. ಕತ್ತಿಯ ಕಡೆ ನೋಡಲೇ ಇಲ್ಲ.

ಇಳಿಸಿದರು. ಹೊಳೆಯ ದಂಡೆಯಲ್ಲಿ ಕೆಲವು ದಿನ ಕಳೆದ ಮೇಲೆ ಕುದುರೆ ಕೆನೆಯಿತು, ಹುಲ್ಲಿಗೆ ಬಾಯಿ ಹಾಕಿತು.

"ಏನು ಬೇಕು, ಕೇಳು. ಅರ್ಧ ರಾಜ್ಯವೇ?"

"ನನ್ನಣ್ಣ. ಸೆರೆಯಲ್ಲಿರೋ ಆ ಇಬ್ಬರು. ಈ ಕುದುರೆ."

ತಿಪ್ಪನ ಸರಪಳಿ ಕಳಚಿತು. ಅವನು ತಂಗಿಯ ಹೆಗಲು ಹಿಡಿದು ನಿಂತ.

"ಸಿಕ್ಕಿತಲ್ಲ, ಇನ್ನು ಹೊರಡಿ!" ಗದರಿದ ದೊರೆ.

ದುಂಡಿ ಅಣ್ಣನ ಎದೆಗೆ ಕಿವಿಯಿಟ್ಟಳು.

"ತಡೀರಿ," ಎಂದಳು. "ಇವನದು ಇನ್ನೂ ಓಡ್ತಿದೆ."

ಚಂಡರಾಯ ಬಿಸಿಲಿನಲ್ಲಿ ನಿಂತು ಕಾದ.