ಕೆರೆಗೆ ಹೋಗುತ್ತಿದ್ದ ಬಿಸಿನೀರು

“ಉಗಿ ಯಂತ್ರವೂ ಅಷ್ಟೆ, ಪೆಟ್ರೋಲ್ ಎಂಜಿನ್ನೂ ಅಷ್ಟೆ, ಡೀಸೆಲ್ಲೂ ಅಷ್ಟೆ. ಪಡೆದ ಶಾಖದಲ್ಲಿ ಬಹುಪಾಲನ್ನು ಹೊರಗೆ ಚೆಲ್ಲುತ್ತವೆ. ಚೆಲ್ಲದ ಯಂತ್ರ ಮಾಡಲಾಗದೇ ಸಾರ್?” ಎಂದು ಧರಣೇಂದ್ರ ಕೇಳಿದ.

ಅವನು ಜಾಣ. ಉತ್ತರವನ್ನು ಆಗಲೇ ಸಿದ್ಧಮಾಡಿಕೊಂಡಿದ್ದ. ಮೇಜಿನ ಮೇಲಿದ್ದ ಪುಟ್ಟ ಉಗಿ ಯಂತ್ರದಲ್ಲಿ ಹಬೆ ಹೊರಬೀಳುವ ಕೊಳವೆಗೂ ಒತ್ತಡ ಹೆಚ್ಚಾದಾಗ ಹಬೆ ಬಿಡುವ ಮೇಲಿನ ತೂತಿಗೂ ಬೆಳಿಗ್ಗೆಯೇ ಅರಿವೆ ತುರುಕಿ ಅರಗು ಮೆತ್ತಿದ್ದ. ಅದರ ಕೆಳಗಿನ ದೀಪ ಹಚ್ಚಿದರೆ ಚಕ್ರ ಎಂದಿಗಿಂತ ಜೋರಾಗಿ ತಿರುಗಬೇಕು, ಪಾಠದ ಪುಸ್ತಕ ಸುಳ್ಳಾಗಬೇಕು! ಅದನ್ನು ನೋಡಲು ಅವನ ಅವಳಿ ತಂಗಿ ಸುನಂದೆ ಮುಂದಿನ ಬೆಂಚಿನಿಂದ ಯಂತ್ರದತ್ತ ಬಗ್ಗಿ ಕೂತಿದ್ದಳು.

ಗುರುಪಾದ ಮೇಷ್ಟ್ರು ಕೈಗೆತ್ತಿಕೊಂಡ ಬೆಂಕಿಪೊಟ್ಟಣವನ್ನು ತೆರೆಯಲಿಲ್ಲ. ಕತೆ ಹೇಳಿದರು.

ಒಬ್ಬ ಗಿರಣಿಯ ಯಜಮಾನನಿದ್ದ. ಭತ್ತದ ಹೊಟ್ಟು ಉರಿಸಿ ಉಗಿ ಯಂತ್ರ ನಡೆಸುತ್ತಿದ್ದ. ಯಂತ್ರದಿಂದ ಹೊರಟ ಬಿಸಿನೀರು ಕೆರೆಗೆ ಬೀಳುತ್ತಿತ್ತು. ಊರ ಹೆಂಗಸರು ಅದರಲ್ಲಿ ಬಟ್ಟೆ ಒಗೆಯುತ್ತಿದ್ದರು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಯಜಮಾನನಿಗೆ ಇದನ್ನು ಸಹಿಸಲಾಗಲಿಲ್ಲ. ಕೊಳವೆ ಮುಚ್ಚಿಸಿದ.

“ಅದು ಸೋರಿಕೆ ಅಲ್ಲ ಯಜಮಾನ್ರೇ. ಒಂದು ಕಡೆ ಬಿಸಿ, ಒಂದು ಕಡೆ ತಂಪು ಇದ್ದರೇನೇ ಚಕ್ರ ತಿರುಗೋದು,” ಎಂದ ಯಂತ್ರ ನೋಡಿಕೊಳ್ಳುವವನು.

“ನನ್ನ ಒಲೆಯ ಶಾಖ ನನ್ನ ಗಿರಣಿಯಲ್ಲೇ ಇರಲಿ.”

ಚಕ್ರ ನಿಂತಿತು. ಯಜಮಾನ ಇನ್ನಷ್ಟು ಹೊಟ್ಟು ಹಾಕಿಸಿದ. ಬಾಯ್ಲರಿನ ಮೇಲಿನ ಮುಚ್ಚಳ ಎದ್ದು ಹಬೆ ಬುಸುಗುಟ್ಟಿತು. “ಇಲ್ಲೂ ಪೋಲು!” ಎಂದು ಅದರ ಮೇಲೆ ತಾನೇ ರುಬ್ಬುವ ಗುಂಡು ಹೇರಿ, ಹೊಟ್ಟು ತರಲು ಹೊರಗೆ ಹೋದ. ಆಗಲೇ ಅವನ ಮಡದಿ ಬುತ್ತಿ ತಂದು ಒಳಗೆ ಕಾಲಿಟ್ಟಳು. ಬಾಯ್ಲರ್ ಸಿಡಿಯಿತು. ಬುತ್ತಿಯ ಮುಚ್ಚಳ ಕೆರೆಯಲ್ಲಿ ಸಿಕ್ಕಿತು.

ಧರಣೇಂದ್ರ ಅರಗು ಮೆತ್ತಿದ ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಯಾರೂ ನೋಡಿಲ್ಲವೆಂದು ಅವನು ನಂಬಿದ್ದ.

ಮೇಷ್ಟ್ರು ಹತ್ತಿರ ಬಂದು, ಬೆನ್ನ ಹಿಂದಿದ್ದ ಅದೇ ಕೈಯನ್ನು ಎಳೆದು, ಅಂಗೈಯಲ್ಲಿ ಬೆಂಕಿಪೊಟ್ಟಣ ಇಟ್ಟರು.

“ಹಚ್ಚಪ್ಪ, ಆದರೆ ಮುಂದಿನ ಬೆಂಚಿನಲ್ಲಿ ಯಾರು ಕೂತಿದ್ದಾರೋ, ಅವರ ಹೆಸರು ಹೇಳಿ ಕಡ್ಡಿ ಗೀರು.”