ಯೂದನ ಮುಂದಿನ ಮೇಣ

"ಗುರುಗಳೇ, ಹೇಳಿದ್ರೆ ನೀವು ನಂಬಲ್ಲ, ಈಗಷ್ಟೇ ನನ್ನ ಕಣ್ಣಾರೆ ನೋಡ್ಕೊಂಡು ಬಂದೆ," ಅಂತ ಶಿಷ್ಯ ಚೌರಪ್ಪ ಒದ್ದೆ ಬಟ್ಟೆ ಹಿಡ್ಕೊಂಡೇ ಓಡಿ ಬಂದ. ಚರ್ಚಿನ ಗುರುಗಳು ಜಗುಲೀಲಿ ಅವರೆಕಾಯಿ ಸುಲೀತಿದ್ರು.

ಚರ್ಚಿನ ಗೋಡೆ ಮೇಲೆ ಯೇಸುವಿನ ಕಡೆಯ ಊಟದ ಹಳೇ ಚಿತ್ರ. ಬರೆದವರು ಯಾರೋ, ಯಾರಿಗೂ ಗೊತ್ತಿಲ್ಲ. ಚೌರಪ್ಪ ಒರೆಸ್ತಾ ಹೋದ್ರೆ ಪೇತ್ರ, ಯೊವಾನ್ನ, ಎಲ್ರ ಮುಖಾನೂ ಹೊಳೀತಂತೆ. ಯೂದನ ಮುಖ ಮಾತ್ರ ಮಸಿ ಹಿಡಿದು ಕಪ್ಪು, ಕೆಳಗಿನ ಕಟ್ಟೆ ತುಂಬಾ ಕರಗಿದ ಮೇಣ.

"ಯೇಸುವನ್ನ ಹಿಡಿದುಕೊಟ್ಟವನಿಗೆ ಯಾರು ಗುರುಗಳೇ ಮೊಂಬತ್ತಿ ಹಚ್ತಾರೆ? ಎಲ್ಲಾ ಕೆರೆದು ಹಾಕ್ಬಿಡ್ಲಾ?"

ಗುರುಗಳು ನಕ್ಕು, ಚರ್ಚಲ್ಲಿ ಇನ್ನೂ ಬೆಂಚಿಲ್ದೆ ಜನ ಚಾಪೆ ಮೇಲೆ ಕೂರ್ತಿದ್ದ ಕಾಲದ ಕತೆ ತೆಗೆದ್ರು.

ಒಬ್ಬ ಚಿತ್ರಗಾರ ಬಂದ. ಯೇಸುವಿನ ಶಿಷ್ಯರ ಮುಖಗಳಿಗೆ ಊರಿನವರೇ ಎದುರಿಗೆ ಕೂತ್ಕೊಳ್ಳಿ ಅಂದ. ಪೇತ್ರ ಆಗೋಕೆ ಜಗಳಾನೇ ನಡೀತು, ಯೂದ ಆಗೋಕೆ ಒಬ್ರೂ ಇಲ್ಲ. ಆ ಗೋಡೆಗೆ ಸುಣ್ಣ ಸುಟ್ಟುಕೊಟ್ಟಿದ್ದವನು ಎದ್ದು ಬಂದ. ಊಟದ ಸಾಲಲ್ಲಿ ಒಂದು ಜಾಗ ಖಾಲಿ ಬಿಟ್ರೆ ಚೆನ್ನಾಗಿರಲ್ಲ, ನಾನೇ ಕೂರ್ತೀನಿ ಅಂದ. ಅವತ್ತಿಂದ ಊರಿಗೆಲ್ಲ ಅವನು ಯೂದನೇ. ಏನೋ ಯೂದ, ಇವತ್ತು ಯಾರನ್ನ ಹಿಡಿದುಕೊಟ್ಟೆ ಅಂತ ರೇಗಿಸೋರು. ಅವನೂ ನಗೋನು.

ಅವನು ತೀರಿಕೊಂಡ ಮೇಲೆ ಪ್ರತಿ ಭಾನುವಾರ ಪೂಜೆ ಮುಗಿದು ಎಲ್ರೂ ಹೊರಟಾಗ ಅವನ ಮಗಳು ಹಿಂದೆ ಉಳೀತಿದ್ಲು. ಯೂದನ ಕೆಳಗೆ ಒಂದು ಮೊಂಬತ್ತಿ ಹಚ್ಚಿ ಸುಮ್ನೆ ನೋಡ್ತಾ ನಿಲ್ತಿದ್ಲು. ಊರ ಹಿರಿಯರಿಗೆ ರೇಗಿಹೋಯ್ತು. ಯೂದನಿಗೆ ಆರಾಧನೆ ನಡೀತಿದೆ, ಆ ಮುಖಾನೇ ಕೆರೆದು ತೆಗೀರಿ ಅಂತ ಗಾರೆಯವರ ಕರಣೆ ತಂದು ಚರ್ಚಿನ ಆಗಿನ ಸ್ವಾಮಿಗಳ ಕೈಗೆ ಇಟ್ರು. ಸ್ವಾಮಿಗಳು ಅವಳನ್ನ ಕರೆಸಿ ಕೇಳಿದ್ರು.

"ಯೂದನಿಗಲ್ಲ ಸ್ವಾಮಿ, ನಮ್ಮಪ್ಪನಿಗೆ," ಅಂದ್ಲು. "ಆ ಮುಖ ನನಗೆ ನೋಡಕ್ಕೆ ಸಿಗೋದು ಇದೊಂದೇ ಕಡೆ."

ಅಷ್ಟು ಹೇಳಿ ಗುರುಗಳು ಚರ್ಚಿನ ಕಡೆ ನೋಡಿದ್ರು. ಅವಳು ಮುದುಕಿಯಾಗಿ ಗೋಡೆ ಹಿಡ್ಕೊಂಡು ಬರ್ತಿದ್ದನ್ನ ಅವರೇ ಕಂಡಿದ್ರಂತೆ. ಮತ್ತೆ ಅವರೆಕಾಯಿಗೆ ಕೈ ಹಾಕಿದ್ರು.

ಚೌರಪ್ಪನಿಗೆ ತಡೆಯೋಕಾಗ್ಲಿಲ್ಲ. ಆಮೇಲೆ ಸ್ವಾಮಿಗಳು ಏನ್ಮಾಡಿದ್ರು ಅಂತ ಕೇಳ್ದ. ಕೇಳಿದ್ಮೇಲೆ ಕೈಯಲ್ಲಿದ್ದ ಬಟ್ಟೆ ನೋಡ್ಕೊಂಡ.

ಗುರುಗಳು ತಲೆ ಎತ್ತದೆ ಕೇಳಿದ್ರು: "ಅದು ಬಿಡು, ಆ ಕರಣೆ ನಿನ್ನ ಕೈಗೆ ಬಂದಿದ್ರೆ ನೀನೇನ್ ಮಾಡ್ತಿದ್ದೆ?"